ಈಜುಕೊಳಕ್ಕೆ ಮೂರರಲ್ಲಿ ಎರಡು ಪಾಲು

ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಗಿಲ್‌ರಾಯ್ ದಾಟಿ ಇಪ್ಪತ್ತು ನಿಮಿಷ ಹೋದರೆ ಆಲ್ಡರ್ ಕ್ರೀಕ್ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿ ಸಾಲೇಹಾಳ ಗುರುತಿಲ್ಲದವರು ಕಡಿಮೆ. ಗದಗಿನ ಬೆಟಗೇರಿಯವಳು. ಗಂಡ ಇಕ್ಬಾಲನ ಜೊತೆ ಇಲ್ಲಿಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಲಾಂಡ್ರಿಯ ಪಕ್ಕದ ಕಿರಿದಾದ ಅಂಗಡಿಯಲ್ಲಿ ಬಟ್ಟೆ ಬಿಗಿ ಮಾಡುವುದು, ಸಡಿಲ ಮಾಡುವುದು, ಜಿಪ್ಪು ಬದಲಿಸುವುದು ಅವಳ ಕಸುಬು. ಹೈಸ್ಕೂಲು ಹುಡುಗಿಯರ ಗೌನು, ಬೆಳ್ಳುಳ್ಳಿ ಹೊಲದಲ್ಲಿ ದುಡಿಯುವವರ ಜಾಕೆಟ್ಟು, ದಿನಾ ಫ್ರೀವೇ ಹಿಡಿದು ಉತ್ತರಕ್ಕೆ ಹೋಗುವ ಇಂಜಿನಿಯರರ ಶೇರ್ವಾನಿ, ಎಲ್ಲವೂ ಒಂದೇ ಸರಳಿಗೆ ನೇತಾಡುತ್ತಿದ್ದವು. ಕನ್ನಡಿ ಮುಂದೆ ನಿಂತ ಜನ ಮಾತು ಶುರುವಿಟ್ಟುಕೊಂಡರೆ ಸಾಲೇಹಾ ಸುಮ್ಮನೆ ಕೇಳುತ್ತಿದ್ದಳು. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡವಳು ಉತ್ತರ ಕೊಡುವುದಾದರೂ ಹೇಗೆ?

ಅವಳಿಗೆ ಈಜು ಬರುತ್ತಿರಲಿಲ್ಲ. ಐವತ್ತಾರಕ್ಕೆ ಮೊಣಕಾಲು ಹಟ ಹಿಡಿದಾಗ ಡಾಕ್ಟರು ನೀರಿನಲ್ಲಿ ನಡೆಯಲು ಹೇಳಿದ್ದರು. ಮೈ ತುಂಬ ಮುಚ್ಚುವ ಈಜುಡುಗೆಯನ್ನು ತಾನೇ ಹೊಲಿದುಕೊಂಡು, ಊರಿನ ಹಳೆಯ ಈಜುಕೊಳದಲ್ಲಿ ಎದೆಮಟ್ಟದ ನೀರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು. ಪಕ್ಕದಲ್ಲಿ ಬೆನ್ನುನೋವಿನ ಊರ್ಮಿಳಾ. ಮೈಸೂರಿನವಳು, ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕಂಪನಿಗೆ ಮನೆಯಿಂದಲೇ ಮಾರ್ಕೆಟಿಂಗ್ ಕೆಲಸ ಮಾಡುವವಳು. ಇಬ್ಬರೂ ನಡೆದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು.

ಒಂದು ಫೆಬ್ರವರಿ ಬೆಳಿಗ್ಗೆ ಕೊಳದ ಗೇಟಿಗೆ ನೋಟೀಸು ಅಂಟಿಸಿದ್ದರು. ಪೈಪುಗಳು ತುಕ್ಕು ಹಿಡಿದಿವೆ, ರಿಪೇರಿಗೆ ದುಡ್ಡಿಲ್ಲ. ಮನೆಗಳ ಮೇಲೆ ಹತ್ತು ವರ್ಷದ ಒಂದು ಸಣ್ಣ ತೆರಿಗೆಗೆ ಜನ ನವೆಂಬರಿನಲ್ಲಿ ಒಪ್ಪಿದರೆ ಕೊಳ ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ. ಮತಪತ್ರದಲ್ಲಿ ಅದರ ಹೆಸರು ಮೆಷರ್ ಡಬ್ಲ್ಯು. ಅರ್ಧಕ್ಕಿಂತ ಒಂದು ಮತ ಹೆಚ್ಚು ಬಂದರೆ ಸಾಲದು, ಮೂರರಲ್ಲಿ ಎರಡು ಪಾಲು ಬೇಕು.

‘ಮೂರು ಮಂದಿ ಒಂದು ಪಿಜ್ಜಾಗೆ ಒಪ್ಪೋದೇ ಕಷ್ಟ, ತೆರಿಗೆಗೆ ಒಪ್ತಾರಾ?’ ಎಂದಳು ಊರ್ಮಿಳಾ.

‘ನಮ್ಮ ಅಂಗಡಿಗೆ ಎಲ್ಲಾರೂ ಬರ್ತಾರಲ್ರೀ. ಕರೆದು ಕೂಡಿಸೋಣು’ ಎಂದಳು ಸಾಲೇಹಾ.

ಗುರುವಾರ ಸಂಜೆ ಅಂಗಡಿಯಲ್ಲಿ ಮೊದಲ ಮೀಟಿಂಗು. ಹೊಲಗೆಲಸದ ಹೆಂಗಸರನ್ನು ಚರ್ಚಿನಲ್ಲಿ ಒಟ್ಟುಗೂಡಿಸುವ ಲೂಪೆ ಬಂದಳು. ಹೈಸ್ಕೂಲಿನ ಈಜು ಕೋಚು ಡೆನೀಸ್ ಬಂದಳು, ಆರಡಿ ಎತ್ತರ, ಮಾತು ಕಡಿಮೆ. ಸಮೋಸಾ, ಚಹಾ ಆಯಿತು. ಊರ್ಮಿಳಾ ಲ್ಯಾಪ್‌ಟಾಪು ತೆರೆದು, ಎಲ್ಲರೂ ಹೇಳಬೇಕಾದ ಒಂದೇ ಘೋಷಣೆ ತೋರಿಸಿದಳು: ಆರೋಗ್ಯವಂತ ಊರು, ಸಂತೋಷದ ಊರು. ಯಾರೂ ತಲೆಯಾಡಿಸಲಿಲ್ಲ. ಡೆನೀಸಳಿಗೆ ಬೆಳಗಿನ ಹೊತ್ತು ಕೊಳದಲ್ಲಿ ಹಗ್ಗ ಕಟ್ಟಿ ಮಾಡಿದ ಆರೂ ಲೇನು ತನ್ನ ತಂಡದ ಮಕ್ಕಳಿಗೆ ಬೇಕು. ಲೂಪೆಗೆ ಹೊಲದ ಕೆಲಸ ಮುಗಿದ ಮೇಲೆ, ಸಂಜೆ, ಮಕ್ಕಳಿಗೆ ಈಜು ಪಾಠ ಬೇಕು. ಹಿಂದಿನ ವರ್ಷ ಅವಳ ಬೀದಿಯ ಮಗುವೊಂದು ನೀರಾವರಿ ಕಾಲುವೆಯಲ್ಲಿ ಮುಳುಗಿ ಹೋಗಿತ್ತು. ಸಾಲೇಹಾಳಿಗೆ ವಾರಕ್ಕೆ ಒಂದು ಗಂಟೆ ಹೆಂಗಸರಿಗಷ್ಟೇ ಮೀಸಲಾಗಬೇಕು. ಮಸೀದಿಯ ಎಷ್ಟೋ ಹೆಂಗಸರು ಈ ಒಂದು ಕಾರಣಕ್ಕೆ ಕೊಳದ ಮುಖ ನೋಡಿರಲಿಲ್ಲ. ಸಮೋಸಾ ಮುಗಿಯುವಷ್ಟರಲ್ಲಿ ಮೀಟಿಂಗೂ ಮುಗಿಯಿತು. ಮುಂದಿನ ತಾರೀಖನ್ನು ಯಾರೂ ಕೇಳಲಿಲ್ಲ.

ಮರುದಿನ ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಾ ಸಾಲೇಹಾ ಯೋಚಿಸಿದಳು. ಎಲ್ಲರ ಬಾಯಲ್ಲೂ ಒಂದೇ ಮಾತು ತುರುಕುವುದು ಯಾಕೆ? ಕಾಲುವೆಯ ಮಗುವಿನ ಕತೆ ಲೂಪೆ ಹೇಳಿದರೇ ಚೆಂದ, ತಂಡದ ಮಕ್ಕಳು ಗೆದ್ದ ಪದಕದ ಕತೆ ಡೆನೀಸ್ ಹೇಳಿದರೇ ಚೆಂದ. ಆದರೆ ಗೆದ್ದ ಮೇಲೆ ಯಾರಿಗೆ ಯಾವ ಹೊತ್ತು ಅನ್ನುವುದನ್ನು ಇವತ್ತೇ ಬರೆದಿಡಬೇಕು. ಒಬ್ಬೊಬ್ಬರ ಮನೆಗೂ ಹೋಗಿ ಹೇಳಿದಳು. ಎರಡನೆಯ ಮೀಟಿಂಗಿನಲ್ಲಿ ವಾರದ ವೇಳಾಪಟ್ಟಿ ಹಾಕಲು ಕೂತರು. ಐದು ವಾರ ಹಿಡಿಯಿತು. ಡೆನೀಸ್ ಎರಡು ಲೇನು ಬಿಟ್ಟುಕೊಟ್ಟಳು. ಲೂಪೆ ಮಂಗಳವಾರದ ಸಂಜೆ ಬಿಟ್ಟಳು. ಭಾನುವಾರ ಬೆಳಿಗ್ಗೆ ಎಂಟರಿಂದ ಒಂಬತ್ತು ಹೆಂಗಸರಿಗೆ ಎಂದು ಬರೆದರು. ಕೊಳ ನಡೆಸುವ ಇಲಾಖೆಯವರು ಅದನ್ನು ನೋಡಿ, ಆಗಬಹುದು ಎಂದು ಕಾಗದ ಕೊಟ್ಟರು. ಮನೆಮನೆಗೆ ಹಂಚುವ ಫ್ಲೈಯರಿನ ಹಿಂಬದಿಗೆ ಆ ಪಟ್ಟಿಯನ್ನೇ ಅಚ್ಚು ಹಾಕಿಸುವುದೆಂದಾಯಿತು.

ಆಗಸ್ಟಿನಲ್ಲಿ ತಕರಾರು ಎದ್ದಿತು. ಭಾನುವಾರದ ಆ ಗಂಟೆ ಹಿಡಿದು, ಈ ಕೊಳ ಕೆಲವರಿಗೆ ಮಾತ್ರವಂತೆ ಎಂದು ಯಾರೋ ಇಂಟರ್ನೆಟ್ಟಿನಲ್ಲಿ ಹಾಕಿದರು. ಈಜು ತಂಡದ ತಂದೆತಾಯಂದಿರು ಹೆದರಿದರು. ಚುನಾವಣೆ ಮುಗಿಯುವವರೆಗೆ ಭಾನುವಾರದ ಸಾಲನ್ನು ಪಟ್ಟಿಯಿಂದ ತೆಗೆಯೋಣ, ಆಮೇಲೆ ಸೇರಿಸಿಕೊಳ್ಳೋಣ ಎಂದು ಇಮೇಲು ಕಳಿಸಿದರು. ಬಹಳ ಸಭ್ಯವಾದ ಇಮೇಲು. ಸಾಲೇಹಾಳ ಮಗಳು ಮೆಹ್ರೀನ್ ಅದನ್ನು ಓದಿ, ‘ಅಮ್ಮೀ, ದೇ ಆರ್ ಜಸ್ಟ್ ಯೂಸಿಂಗ್ ಯು’ ಎಂದಳು. ಸಾಲೇಹಾ ಅಂದು ಎರಡು ಜಿಪ್ಪುಗಳನ್ನು ತಿರುವುಮುರುವಾಗಿ ಹೊಲಿದು ಬಿಚ್ಚಿದಳು.

ಆ ಗುರುವಾರ ಅಂಗಡಿಯಲ್ಲಿ ಕುರ್ಚಿ ಸಾಲಲಿಲ್ಲ. ಸಾಲು ತೆಗೆಯಬೇಕೆನ್ನುವವರು ಒಂದು ಪಕ್ಕ ಕೂತರು. ಲೂಪೆ ಎದ್ದು, ಅದು ಹೋದರೆ ನಮ್ಮ ಚರ್ಚಿನ ಹೆಂಗಸರೂ ಹೋಗುತ್ತಾರೆ, ಗಂಡಸರೆದುರು ನೀರಿಗಿಳಿಯಲು ನಮಗೂ ನಾಚಿಕೆಯೇ ಎಂದಳು. ಗಲಾಟೆ ಏರಿತು. ಸಾಲೇಹಾಳಿಗೆ ಒಂದು ವಿಷಯ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಡೆನೀಸ್ ತನ್ನ ತಾಯಿಯ ಈಜುಡುಗೆ ತಂದುಕೊಟ್ಟು, ಎಡಗಡೆ ಒಳಗೆ ಮೆತ್ತನೆಯ ಸಣ್ಣ ದಿಂಬು ಕೂರುವಂತೆ ಒಂದು ಜೇಬು ಹೊಲಿಸಿಕೊಂಡು ಹೋಗಿದ್ದಳು. ಅಂಥ ಜೇಬನ್ನು ಸಾಲೇಹಾ ಆ ಊರಿನಲ್ಲಿ ಒಂಬತ್ತು ಮಂದಿಗೆ ಹೊಲಿದಿದ್ದಳು. ಗಿರಾಕಿಯ ಮೈಯ ಸುದ್ದಿ ಅಂಗಡಿಯ ಹೊಸ್ತಿಲು ದಾಟಬಾರದು ಎಂಬುದು ಅವಳ ನೇಮ. ಎದ್ದು ಹೋಗಿ ಎಲ್ಲರ ಕಪ್ಪಿಗೂ ಇನ್ನಷ್ಟು ಚಹಾ ಸುರಿದಳು.

ಆಮೇಲೆ ಡೆನೀಸ್ ತಾನಾಗಿಯೇ ಎದ್ದಳು.

‘ನನ್ನ ತಾಯಿ ನಲವತ್ತು ವರ್ಷ ಈ ಕೊಳದಲ್ಲಿ ಈಜಿದವಳು. ಸ್ತನದ ಆಪರೇಶನ್ ಆದಮೇಲೆ ಒಂದು ದಿನವೂ ಬಂದಿಲ್ಲ. ಬಟ್ಟೆ ಬದಲಿಸುವಾಗ ಜನ ನೋಡುತ್ತಾರೆ ಅನ್ನುತ್ತಾಳೆ. ಭಾನುವಾರ ಎಂಟಕ್ಕೆ ಬರುತ್ತೇನೆ ಅಂದಿದ್ದಾಳೆ. ಆ ಸಾಲು ಇರಲಿ.’

ಅಷ್ಟು ಹೇಳಿ ಕೂತಳು. ಪಾಲಕರಲ್ಲೊಬ್ಬ, ಇಮೇಲು ಬರೆದವನೇ, ಖಾಲಿ ಕಪ್ಪುಗಳನ್ನು ಎತ್ತಿಡಲು ಶುರುಮಾಡಿದ. ಸಾಲು ಉಳಿಯಿತು. ಅಚ್ಚಾಗುವಾಗ ಅದರ ಕೆಳಗೆ ಒಂದು ಮಾತು ಸೇರಿತು: ಊರಿನ ಎಲ್ಲ ಹೆಂಗಸರಿಗೆ.

ಸೆಪ್ಟೆಂಬರಿನಿಂದ ಬಾಗಿಲು ತಟ್ಟುವ ಕೆಲಸ. ಲೂಪೆಯ ಗುಂಪು ಸ್ಪ್ಯಾನಿಷಿನಲ್ಲಿ, ಡೆನೀಸಳ ಹುಡುಗರು ತಂಡದ ಟೀಶರ್ಟಿನಲ್ಲಿ, ಮಸೀದಿಯವರು ಶುಕ್ರವಾರದ ನಮಾಜಿನ ಬಳಿಕ. ಕನ್ನಡದವರ ಮನೆಗಳು ಸಾಲೇಹಾ, ಊರ್ಮಿಳಾರ ಪಾಲಿಗೆ. ಬಹುಪಾಲು ಸಲೀಸಾಗಿ ನಡೆಯಿತು. ಗಟ್ಟಿ ಬಾಗಿಲೆಂದರೆ ಶಿವರುದ್ರಪ್ಪನವರದು. ಹಾವೇರಿ ಕಡೆಯವರು, ನಿವೃತ್ತ ಸಿವಿಲ್ ಇಂಜಿನಿಯರು, ಊರಿನ ಪ್ರತಿ ತೆರಿಗೆಗೂ ಇಲ್ಲ ಎಂದೇ ಗುರುತು ಹಾಕುತ್ತಾ ಬಂದವರು. ಅವರು ಒಪ್ಪಿದರೆ ಹಿಂದೆ ಮೂವತ್ತು ಮನೆ ಬರುತ್ತವೆ ಎಂದು ಊರ್ಮಿಳಾಳ ಅಂದಾಜು.

‘ನನಗೆ ಎಪ್ಪತ್ತೊಂದು, ತಂಗೀ. ಈಗ ನಾ ಎಲ್ಲಿ ಈಜಲಿಕ್ಕೆ ಹೋಗ್ಲಿ?’ ಎಂದರು ಅವರು.

‘ಈಜಬ್ಯಾಡ್ರಿ ಅಣ್ಣಾರ. ಇದನ್ನ ಓದ್ರಿ. ಎಲ್ಲಿ ತಪ್ಪೈತಿ ಹೇಳ್ರಿ’ ಎಂದು ಸಾಲೇಹಾ ಮೆಷರಿನ ಪೂರ್ತಿ ಪಠ್ಯ, ಹದಿನಾಲ್ಕು ಪುಟ, ಟೀಪಾಯಿಯ ಮೇಲಿಟ್ಟಳು. ಪೈಪಿನ ನಕ್ಷೆಯೂ ಅದರಲ್ಲಿತ್ತು. ಮತ ಕೊಡಿ ಎಂದು ಬಾಯಿಬಿಟ್ಟು ಕೇಳಲಿಲ್ಲ. ಊರ್ಮಿಳಾ ಕಾರಿನಲ್ಲಿ ಅದಕ್ಕಾಗಿ ಅವಳನ್ನು ಬೈದಳು.

ನಾಲ್ಕನೆಯ ದಿನ ಶಿವರುದ್ರಪ್ಪನವರೇ ಅಂಗಡಿಗೆ ಬಂದರು, ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ ಕಾಗದದ ಜೊತೆ. ಎರಡು ಕಾಗುಣಿತದ ತಪ್ಪು, ಪೈಪಿನ ಅಳತೆಯ ಬಗ್ಗೆ ಒಂದು ಅನುಮಾನ. ಹತ್ತು ವರ್ಷಕ್ಕೆ ತೆರಿಗೆ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕೆಲಸದ ಮೇಲೆ ಕಣ್ಣಿಡಲು ಐದು ನಾಗರಿಕರ ಸಮಿತಿ ಇರುತ್ತದೆ ಎಂಬುದೂ ಗೊತ್ತಿರಲಿಲ್ಲ. ಸಮಿತಿಗೆ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಮುಂದಿನ ಭಾನುವಾರ ಕನ್ನಡ ಮಂದಿ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕಿನಲ್ಲಿ ಎದ್ದು ನಿಂತು, ತೆರಿಗೆ ಅಂದರೆ ನನಗೆ ಆಗದು, ಆದರೆ ಇದನ್ನು ಪೂರ್ತಿ ಓದಿದ್ದೇನೆ, ನೀವೂ ಓದಿ ಎಂದು ಎರಡೇ ಮಾತು ಹೇಳಿ ಬಿಸಿಬೇಳೆಬಾತಿನತ್ತ ನಡೆದರು.

ಮತದಾನದ ಮರುದಿನ ಬೆಳಿಗ್ಗೆ ನೂರಕ್ಕೆ ಅರವತ್ತೈದು ಚಿಲ್ಲರೆ ಮತ ಬಂದಿತ್ತು. ಸಾಲದು. ಅಂಚೆಯಲ್ಲಿ ಬಂದ ಮತಗಳ ಎಣಿಕೆ ಬಾಕಿಯಿತ್ತು. ಹದಿಮೂರು ದಿನ ಸಂಜೆ ಐದಕ್ಕೆ ಹೊಸ ಅಂಕಿ ಬರುತ್ತಿತ್ತು, ಹದಿಮೂರು ದಿನವೂ ಇಕ್ಬಾಲ್ ಅದನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದ. ಅರವತ್ತಾರು ದಾಟಿ ಎರಡು ದಿನ ಅಲ್ಲೇ ನಿಂತಿತು. ಕೊನೆಗೆ ಅರವತ್ತೇಳು ದಾಟಿತು. ಮೂರರಲ್ಲಿ ಎರಡು ಪಾಲಿಗಿಂತ ಐವತ್ತೆಂಟೇ ಮತ ಹೆಚ್ಚು. ಸಾಲೇಹಾ ಹೊಲಿಗೆ ಯಂತ್ರ ನಿಲ್ಲಿಸಿ, ಮುಖ ತೊಳೆದು ಬಂದು, ಮತ್ತೆ ಕೂತಳು. ಅಂದು ಸಂಜೆ ಅಂಗಡಿಗೆ ಬಂದವರೆಲ್ಲ ತಮ್ಮಿಂದಲೇ ಗೆದ್ದದ್ದು ಎಂದರು. ಅವಳು ಎಲ್ಲರಿಗೂ ಹೌದೆಂದಳು. ಅದು ಸುಳ್ಳೂ ಆಗಿರಲಿಲ್ಲ.

ಕೊಳ ತೆರೆಯಲು ಮತ್ತೊಂದು ವರ್ಷ ಬೇಕಾಯಿತು. ಮೊದಲ ಭಾನುವಾರ ಬಂದವರು ಮೂವತ್ತೊಂದು ಹೆಂಗಸರು. ಡೆನೀಸಳ ತಾಯಿ ಯಾರ ಜೊತೆಗೂ ಮಾತಾಡದೆ ನೀರಿಗಿಳಿದು ನಿಲ್ಲದೆ ಎಂಟು ಸುತ್ತು ಈಜಿದಳು. ಲೂಪೆ ಏಣಿ ಹಿಡಿದು ಅರ್ಧ ಗಂಟೆ ಅಲ್ಲೇ ನಿಂತಿದ್ದಳು. ಮೆಹ್ರೀನ್ ತಾಯಿಯ ಬೆನ್ನ ಕೆಳಗೆ ಕೈಕೊಟ್ಟು ತೇಲಿಸಿ, ಹೇಳದೆ ಕೈ ತೆಗೆದಳು. ಸಾಲೇಹಾ ಮೂರು ಉಸಿರಿನಷ್ಟು ಹೊತ್ತು ತೇಲಿ, ನೀರು ಕುಡಿದು, ಕೆಮ್ಮಿ, ಇನ್ನೊಮ್ಮೆ ಮಾಡು ಎಂದಳು.