ಡಚೆಸ್‌ಗೆ ಕಟ್ಟಿದ ಪರ್ವತ

ವಾರಿಕ್ ಊರಿನ ಪುರಸಭೆಯಲ್ಲಿ ಮೂವತ್ತೊಂದು ವರ್ಷ ರಸ್ತೆಫಲಕಗಳಿಗೆ ಬಣ್ಣ ಬಳಿದು ನಿವೃತ್ತನಾದ ಕ್ಲೆಮ್ ಟಕ್‌ವೆಲ್ ತನ್ನನ್ನು ಬಣ್ಣ ಬಳಿಯುವವನೆಂದು ಒಂದು ದಿನವೂ ಅಂದುಕೊಂಡವನಲ್ಲ. ಅವನು ಕಲಾವಿದ. ಊರಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಮುಂದೆ ತಿರುವಿದೆ ಎಂದು ಎಚ್ಚರಿಸುವ ಹಳದಿ ಫಲಕದ ಬಾಣವನ್ನು ತನ್ನಷ್ಟು ಸೊಗಸಾಗಿ ಬಾಗಿಸುವವನು ಇಡೀ ಕ್ವೀನ್ಸ್‌ಲ್ಯಾಂಡಿನಲ್ಲಿ ಇನ್ನೊಬ್ಬನಿಲ್ಲ ಎಂದು ಅವನು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ಊರಿನವರು ಆ ಬಾಣ ನೋಡಿ ಬ್ರೇಕು ಹಾಕುತ್ತಿದ್ದರೇ ಹೊರತು ಇಳಿದು ಚಪ್ಪಾಳೆ ತಟ್ಟುತ್ತಿರಲಿಲ್ಲ. ಇದು ಅವನ ಜೀವನದ ಮೊದಲ ದುಃಖ.

ಎರಡನೆಯ ದುಃಖದ ಹೆಸರು ಅರ್ನಿ ಶುಮಾನ್. ಪಕ್ಕದ ಬೀದಿಯ ಅರ್ನಿ ಕುರಿಯ ಉಣ್ಣೆ ಕತ್ತರಿಸಿ ಬೆನ್ನು ಬಗ್ಗಿಸಿಕೊಂಡ ಮುದುಕ. ಕ್ಲೆಮ್‌ನ ಹಾಗೆ ಅವನೂ ಪರವಾನಗಿ ಪಡೆದು ಹಾವು ಸಾಕಿದ್ದ, ಊರಿನ ಹಾವು ಸಾಕುವವರ ಸಂಘದ ಸದಸ್ಯನಾಗಿದ್ದ. ಜುಲೈ ಬಂತೆಂದರೆ ಆ ಬಯಲುಸೀಮೆಯಲ್ಲಿ ಕೊರೆಯುವ ಚಳಿಗಾಲ, ಹುಲ್ಲಿನ ಮೇಲೆ ಇಬ್ಬನಿ ಗಾಜಾಗಿ ಕೂರುತ್ತದೆ. ಹಾವುಗಳು ಮುದುಡಿ ಮಲಗುತ್ತವೆ, ಸಾಕಿದವರಿಗೆ ಕೆಲಸವಿರುವುದಿಲ್ಲ. ಕೆಲಸವಿಲ್ಲದವರು ಸ್ಪರ್ಧೆ ಏರ್ಪಡಿಸುವುದು ಲೋಕರೂಢಿ. ಸಂಘದವರು ಮನೆಮನೆಗೆ ಹೋಗಿ, ಯಾರು ಕೈಯಾರೆ ಕಟ್ಟಿದ ಹಾವಿನ ಗೂಡು ಚೆಂದವೆಂದು ನೋಡಿ ಒಂದು ಬೆಳ್ಳಿಬಣ್ಣದ ಬಟ್ಟಲು ಕೊಡುತ್ತಿದ್ದರು. ಹೋದ ವರ್ಷ ಅದು ಅರ್ನಿಯ ಪಾಲಾಯಿತು. ಅವನು ಮಾಡಿದ್ದಾದರೂ ಏನು? ಹಳೇ ಟೀವಿ ಕಪಾಟಿಗೆ ಗಾಜು ಹಾಕಿ, ಒಂದು ಒಣಗಿದ ನೀಲಗಿರಿ ಕೊಂಬೆ ನಿಲ್ಲಿಸಿ, ದೀಪ ಹಚ್ಚಿದ್ದ.

"ಅದು ಗೂಡಲ್ಲ, ಕಪಾಟು," ಎಂದು ಕ್ಲೆಮ್ ಎಂಟು ತಿಂಗಳು ಹೇಳಿದ. "ಒಳಗೆ ಕೊಂಬೆ ಇಟ್ರೆ ಕಾಡಾಗ್ತದಾ? ನಮ್ಮನೆ ಬಚ್ಚಲಲ್ಲೂ ಪೊರಕೆ ಇದೆ."

"ಬಟ್ಟಲು ಅವರ ಮನೇಲಿದೆಯಲ್ಲ," ಎಂದಳು ಹೆಂಡತಿ ಜೆನಿಸ್. ಆಸ್ಪತ್ರೆಯ ಅಡುಗೆಮನೆಯಲ್ಲಿ ಇನ್ನೂರು ಜನಕ್ಕೆ ಗಂಜಿ ಬೇಯಿಸಿ ಬರುವ ಅವಳಿಗೆ ಮನೆಯಲ್ಲಿ ಹೆಚ್ಚು ಮಾತು ಬೇಯಿಸುವ ಅಭ್ಯಾಸವಿರಲಿಲ್ಲ.

ಒಂಬತ್ತನೆಯ ತಿಂಗಳಿಗೆ ಕಾಲಿಡುವ ಮೊದಲೇ ಕ್ಲೆಮ್ ತನ್ನ ಹೆಬ್ಬಾವಿಗೆ ಪರ್ವತ ಕಟ್ಟುವುದೆಂದು ತೀರ್ಮಾನಿಸಿದ. ಹೆಬ್ಬಾವಿನ ಹೆಸರು ಡಚೆಸ್, ಅಂದರೆ ದೊರೆಸಾನಿ. ಎರಡು ಮೀಟರ್ ಉದ್ದ, ರತ್ನಗಂಬಳಿಯ ಹಾಗೆ ಚಿತ್ತಾರದ ಮೈ, ಸೌಮ್ಯ ಸ್ವಭಾವ. ಅವಳಿಗೆ ಒಂದು ಕತ್ತಲೆ ಮೂಲೆ, ಒಂದು ಬಿಸಿ ಮೂಲೆ, ಹದಿನೈದು ದಿನಕ್ಕೊಂದು ಇಲಿ ಇದ್ದರೆ ಸಾಕು. ಪರ್ವತ ಬೇಕೆಂದು ಅವಳು ಕೇಳಿರಲಿಲ್ಲ. ಆದರೆ ಅರಮನೆ ಕಟ್ಟಿಸುವ ಅರಸರು ರಾಣಿಯನ್ನು ಕೇಳಿ ಕಟ್ಟಿಸಿದ ಉದಾಹರಣೆ ಎಲ್ಲಿದೆ?

ಜಾಗ ಎಲ್ಲಿ ಎಂಬ ಪ್ರಶ್ನೆ ಬಂತು. ಕ್ಲೆಮ್ ಪಡಸಾಲೆಯ ಅಗ್ಗಿಷ್ಟಿಕೆ ತೋರಿಸಿದ. ಇಟ್ಟಿಗೆಯ ಆಳವಾದ ಗೂಡು, ಮೇಲೆ ಚಿಮಣಿ. ಮನೆಯಲ್ಲಿ ಚಳಿಗಾಲಕ್ಕೆ ಇದ್ದ ಒಂದೇ ಬಿಸಿ ಜಾಗ ಅದು.

"ಬೆಂಕಿ ಹಾಕೋದೆಲ್ಲಿ?" ಎಂದಳು ಜೆನಿಸ್.

"ಕಲೆಗೋಸ್ಕರ ಒಂದು ಸ್ವೆಟರ್ ಜಾಸ್ತಿ ಹಾಕ್ಕೊಳಕ್ಕಾಗಲ್ವಾ?"

"ಹಾಕ್ಕೋತೀನಿ. ಆದ್ರೆ ಆ ಹಾವಿಗೆ ಸ್ವೆಟರ್ ಹೆಣೆದು ಕೊಡು ಅಂತ ನನ್ನ ಹತ್ರ ಬರ್ಬೇಡ."

ಚಿಮಣಿಯ ಬಾಯಿಗೆ ತಗಡು ಹೊಡೆದು, ಸುತ್ತ ಸಿಮೆಂಟು ಮೆತ್ತಿ ಕ್ಲೆಮ್ ಶಿಲ್ಪಕ್ಕೆ ಇಳಿದ. ಥರ್ಮಾಕೋಲ್ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಬ್ರೆಡ್ಡು ಕುಯ್ಯುವ ಚಾಕುವಿನಿಂದ ಕೆತ್ತಿ, ಮೇಲೆ ಟೈಲ್ಸ್ ಸಂದಿಗೆ ತುಂಬುವ ಸಿಮೆಂಟು ಬಳಿದರೆ ಬಂಡೆಯಾಗುತ್ತದೆ. ಈ ವಿದ್ಯೆ ಹಾವು ಸಾಕುವ ಎಲ್ಲರಿಗೂ ಗೊತ್ತು. ಅವರು ಒಂದಡಿಯ ಬಂಡೆ ಮಾಡಿ ಸುಮ್ಮನಾಗುತ್ತಾರೆ. ಕ್ಲೆಮ್ ಕಣಿವೆ ಮಾಡಿದ, ಕಡಿದಾದ ಗೋಡೆ ಮಾಡಿದ, ಶಿಖರ ಮಾಡಿದ, ಶಿಖರದ ಕೆಳಗೆ ಒಂದು ಗುಹೆಯ ಬಾಯಿ ಕೊರೆದ. ಏಪ್ರಿಲ್‌ನಿಂದ ಜುಲೈವರೆಗೆ ಪಡಸಾಲೆಯಲ್ಲಿ ಬಿಳಿ ಕಾಳು ಹಾರಾಡಿತು. ಜೆನಿಸ್ ಚಹಾದಲ್ಲಿ ಥರ್ಮಾಕೋಲ್ ಸೋಸಿಕೊಂಡು ಕುಡಿಯುವುದನ್ನು ಕಲಿತಳು. ಪರ್ವತಕ್ಕೂ ಹಿಂದಿನ ಇಟ್ಟಿಗೆ ಗೋಡೆಗೂ ನಡುವೆ ಒಂದು ಮೊಳ ಟೊಳ್ಳು ಉಳಿಯಿತು. ಥರ್ಮಾಕೋಲ್ ಮುಗಿದುಹೋಗಿತ್ತು, ಅಷ್ಟೆ. ಕ್ಲೆಮ್ ಮಾತ್ರ ಪರ್ವತವೆಂದ ಮೇಲೆ ಗರ್ಭವಿರಬೇಕು ಎಂದ.

ಆಮೇಲೆ ಬಣ್ಣ. ಕೆಂಪು ಮರಳುಗಲ್ಲಿನ ಬಣ್ಣ ಬೆರೆಸಲು ಎರಡು ದಿನ ಕೂತ. ಆದರೆ ಮೂವತ್ತೊಂದು ವರ್ಷ ಒಂದೇ ಡಬ್ಬಿಗೆ ಅದ್ದಿದ ಕೈ ಎಲ್ಲಿಗೆ ಹೋಗುತ್ತದೆ? ಪರ್ವತ ರಸ್ತೆಫಲಕದ ಹಳದಿಗೆ ಬಂದು ನಿಂತಿತು.

"ಚೆನ್ನಾಗಿದೆ," ಎಂದಳು ಜೆನಿಸ್. "ನೋಡಿದ ಕೂಡ್ಲೇ ನಿಧಾನಕ್ಕೆ ಹೋಗ್ಬೇಕು ಅನ್ಸತ್ತೆ."

ಹಳದಿ ಮುಚ್ಚಲು ಅವನು ಸಿಮೆಂಟಿನ ಮತ್ತೊಂದು ಪದರ ಬಳಿದ. ಅದೂ ಸಾಲದೆಂದು ಇನ್ನೊಂದು. ಪ್ರತಿ ಪದರಕ್ಕೂ ಗುಹೆಯ ಬಾಯಿ ಬೆರಳಗಲ ಕಿರಿದಾಯಿತು. ಮುಷ್ಟಿ ತೂರುತ್ತಿದ್ದಲ್ಲಿ ಕೊನೆಗೆ ಮೂರು ಬೆರಳು ತೂರುವಷ್ಟಾಯಿತು. ಶಿಖರದ ನೆರಳನ್ನು ತಿದ್ದುತ್ತಿದ್ದ ಮಹಾಶಿಲ್ಪಿಯ ಕಣ್ಣಿಗೆ ಅಂಥ ಕ್ಷುಲ್ಲಕ ವಿಷಯ ಬೀಳಲಿಲ್ಲ.

ತೀರ್ಪುಗಾರರು ಭಾನುವಾರ ಬರುವವರಿದ್ದರು. ಅಗ್ಗಿಷ್ಟಿಕೆಯ ಮುಂದೆ ಸರಿಸುವ ಗಾಜು ಬಂತು, ಗುರುವಾರ ಮಧ್ಯಾಹ್ನ ಡಚೆಸ್‌ಳ ಗೃಹಪ್ರವೇಶವಾಯಿತು. ಚಳಿಗಾಲವೆಂದು ಐದು ವಾರ ಉಪವಾಸವಿದ್ದ ಅವಳು ಪರ್ವತದ ಬುಡದಲ್ಲಿ ಹಗ್ಗದ ಹಾಗೆ ಕಂಡಳು. ಇಷ್ಟು ದೊಡ್ಡ ಪರ್ವತಕ್ಕೆ ಇಷ್ಟು ತೆಳ್ಳಗಿನ ರಾಣಿಯೇ? ಕ್ಲೆಮ್ ಬಟಾಣಿ ಪೊಟ್ಟಣದ ಕೆಳಗೆ ಹೆಪ್ಪುಗಟ್ಟಿಸಿಟ್ಟಿದ್ದ ಅತಿ ದೊಡ್ಡ ಹೆಗ್ಗಣವನ್ನು ಫ್ರಿಜ್ಜಿನಿಂದ ತೆಗೆದು ಬಿಸಿನೀರಲ್ಲಿ ಹಾಕಿದ.

"ಜುಲೈನಲ್ಲಿ ಯಾರಾದ್ರೂ ಅಷ್ಟು ದೊಡ್ಡದು ಹಾಕ್ತಾರಾ?" ಎಂದಳು ಜೆನಿಸ್. "ಚಳೀಲಿ ಅದಕ್ಕೆ ಅರಗಲ್ಲ ಅಂತ ನೀನೇ ಹೇಳ್ತಿದ್ದೆ."

"ಒಳಗೆ ಕಾವುದೀಪ ಇದೆ ಕಣೆ. ಅಲ್ಲಿ ಈಗ ಡಿಸೆಂಬರ್ ಬೇಸಿಗೆ."

ಡಚೆಸ್ ಹೆಗ್ಗಣ ಹಿಡಿದಳು, ಸುತ್ತಿದಳು. ಆಮೇಲೆ ನುಂಗಲು ಮರೆ ಬೇಕೆನಿಸಿತೋ ಏನೋ, ಅದನ್ನು ಎಳೆದುಕೊಂಡು ಗುಹೆಯ ಮೂಲಕ ಹಿಂದಿನ ಟೊಳ್ಳಿಗೆ ಹೊಕ್ಕಳು. ಮೆತ್ತಗಿನ ಹೆಗ್ಗಣ ಚಪ್ಪಟೆಯಾಗಿ ಕಿರುಬಾಯಲ್ಲಿ ತೂರಿತು. ಬಾಲದ ತುದಿಯೂ ಮರೆಯಾಯಿತು. ಕ್ಲೆಮ್‌ನ ಕಣ್ಣು ಒದ್ದೆಯಾಯಿತು. ತನ್ನ ಕಲೆಯನ್ನು ಹಾವು ನಿಜವೆಂದು ನಂಬಿತಲ್ಲ.

ಶುಕ್ರವಾರ ಬೆಳಗ್ಗೆ ಅವಳ ತಲೆ ಗುಹೆಯಿಂದ ಹೊರಬಂತು. ಒಂದು ಗೇಣು ಬಂತು. ಆಮೇಲೆ ಹೊಟ್ಟೆಯಲ್ಲಿದ್ದ ಹೆಗ್ಗಣದ ಗಂಟು ಸಿಮೆಂಟಿಗೆ ತಾಗಿ ನಿಂತಿತು. ಸ್ವಲ್ಪ ಹೊತ್ತು ನಾಲಗೆ ಆಡಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಸರಿದಳು. ಕ್ಲೆಮ್ ಚಹಾ ಕೆಳಗಿಟ್ಟ.

ಅದೇ ಮಧ್ಯಾಹ್ನ ಅರ್ನಿ ಇಣುಕಲು ಬಂದ. ಗಾಜಿನ ಮುಂದೆ ಬೆನ್ನು ಬಗ್ಗಿಸಿ ನಿಂತು ಬಹಳ ಹೊತ್ತು ನೋಡಿದ.

"ಗುಡ್ಡ ಭರ್ಜರಿ ಮಾರಾಯ. ಹಾವೆಲ್ಲಿ?"

"ವಿಶ್ರಾಂತಿ ತಗೋತಿದೆ."

"ಎಲ್ಲಿ?"

"ಗರ್ಭದಲ್ಲಿ."

ಅರ್ನಿ ಗಾಜು ಸರಿಸಿ ಗುಹೆಯ ಬಾಯಿಗೆ ಬೆರಳಿಟ್ಟು ಅಳೆದ. ನೆಲದ ಮೇಲೆ ಹೆಗ್ಗಣ ನೆನೆಹಾಕಿದ್ದ ಬೋಗುಣಿಯನ್ನೂ, ಅದರಲ್ಲಿ ತೇಲುತ್ತಿದ್ದ ಕೂದಲನ್ನೂ ನೋಡಿದ. ಅಂಗಳಕ್ಕೆ ಹೋಗಿ ಚಿಮಣಿಯ ಹಿಂಬದಿಯ ಇಟ್ಟಿಗೆಗೆ ಅಂಗೈ ಒತ್ತಿ ಬಂದ. ಅವನು ನಗಲಿಲ್ಲ, ಅದು ಕ್ಲೆಮ್‌ಗೆ ಇನ್ನೂ ಕೆಟ್ಟದೆನಿಸಿತು.

"ಥರ್ಮಾಕೋಲ್‌ನಲ್ಲಿ ಏನಿಟ್ಟು ಮಾರ್ತಾರೆ ಹೇಳು? ಮೀನು, ಐಸು. ನಿನ್ನ ದೀಪದ ಬಿಸಿ ಒಂಚೂರೂ ಹಿಂದಕ್ಕೆ ಹೋಗ್ತಿಲ್ಲ. ಇಟ್ಟಿಗೆ ಮಂಜುಗಡ್ಡೆ ಆಗಿದೆ. ಹೊಟ್ಟೇಲಿರೋದು ಅರಗಲ್ಲ ಕ್ಲೆಮ್, ಕೊಳೆಯತ್ತೆ. ಒಳಗೇ ಕೊಳೆತ್ರೆ ಅವಳು ಉಳಿಯಲ್ಲ. ಇವತ್ತೇ ಒಡಿ."

"ಭಾನುವಾರ ಹತ್ತು ಗಂಟೆಗೆ ತೀರ್ಪು. ನಿನಗೆ ಅದೇ ಬೇಕಲ್ವಾ, ನಾನು ಶುಕ್ರವಾರ ಒಡೀಬೇಕು?"

"ನನ್ ಬಟ್ಟಲು ನೀನೇ ಇಟ್ಕೋ, ಅದ್ರಲ್ಲಿ ನಾನು ಮೊಳೆ ಹಾಕಿಟ್ಟಿದೀನಿ," ಎಂದು ಅರ್ನಿ ಹೊರಟುಹೋದ.

ಬಟ್ಟಲಿನಲ್ಲಿ ಮೊಳೆ. ಕ್ಲೆಮ್‌ಗೆ ಹಾವಿನ ಸಂಕಟಕ್ಕಿಂತ ಈ ಮಾತು ಹೆಚ್ಚು ಚುಚ್ಚಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹಿರಿಯರು ಹೇಳಿದ್ದು ಜಾಣರಿಗೆ. ಕ್ಲೆಮ್ ಅದನ್ನು ತನಗೇ ಹೇಳಿದ್ದೆಂದು ತಿಳಿದ. ಶನಿವಾರವಿಡೀ ಜೆನಿಸ್‌ಳ ಕೂದಲೊಣಗಿಸುವ ಯಂತ್ರ ಹಿಡಿದು ಗುಹೆಯ ಬಾಯಿಗೆ ಬಿಸಿಗಾಳಿ ಊದಿದ. ಮೂರು ತಾಸಿಗೆ ಯಂತ್ರ ಸುಟ್ಟುಹೋಯಿತು. ಬಿಸಿನೀರಿನ ಚೀಲವನ್ನು ಹೊರಗಿನ ಇಟ್ಟಿಗೆಗೆ ಕಟ್ಟಿದ. ಇಟ್ಟಿಗೆ ಬಿಸಿಯಾಗಲಿಲ್ಲ, ಚೀಲ ತಣ್ಣಗಾಯಿತು. ಗುಹೆಗೆ ಕಣ್ಣಿಟ್ಟು "ಡಚೆಸ್, ಒಂದಿನ ತಡ್ಕೋ" ಎಂದ. ಹಾವಿಗೆ ಕಿವಿಯಿಲ್ಲವೆಂದು ಸಂಘದ ಹೊಸಬರಿಗೆ ಪಾಠ ಹೇಳುತ್ತಿದ್ದವನೂ ಇವನೇ.

"ಅವಳಿಗೆ ಏನಾದ್ರೂ ಆದ್ರೆ," ಎಂದಳು ಜೆನಿಸ್, "ಆ ಗುಡ್ಡದ ಮೇಲೆ ಒಂದು ಫಲಕ ಬರಿ. ಚೆನ್ನಾಗಿ ಬರೀತೀಯ."

ಭಾನುವಾರ ಹತ್ತಕ್ಕೆ ಸರಿಯಾಗಿ ಸಂಘದ ಕಾರ್ಯದರ್ಶಿ ಗ್ಲೆನಿಸ್ ಪೋಲ್ಕಿಂಗ್‌ಹಾರ್ನ್ ಇನ್ನಿಬ್ಬರು ಸದಸ್ಯರೊಂದಿಗೆ ಬಂದಳು. ಜನರ ಹಟ್ಟಿ, ಬಚ್ಚಲು, ಕಾರಿನ ಇಂಜಿನ್ನುಗಳಿಂದ ಹಾವು ಹಿಡಿದು ಹಿಡಿದು ಮುಖದಲ್ಲಿ ಯಾವ ಆಶ್ಚರ್ಯವೂ ಉಳಿಯದ ಹೆಂಗಸು. ಜೆನಿಸ್ ಕೊಟ್ಟ ಕುಂಬಳಕಾಯಿಯ ಸ್ಕೋನ್ ಬನ್ನು ಕಚ್ಚುತ್ತಾ ಪರ್ವತ ನೋಡಿದಳು, ಕಾಗದದ ಮೇಲೆ ಗುರುತು ಹಾಕಿದಳು.

"ಕೆಲಸಕ್ಕೆ ಹತ್ತಕ್ಕೆ ಹತ್ತು. ಇಂಥದ್ದು ನಾನು ನೋಡಿಲ್ಲ. ಹಾವು ಕಾಣ್ತಿಲ್ಲ, ಅಡ್ಡಿಯಿಲ್ಲ. ಹಾವು ಕಾಣ್ಲೇಬೇಕು ಅಂತ ನಮ್ಮ ನಿಯಮದಲ್ಲಿಲ್ಲ. ಪಟ ತೆಗೆಯೋರು ಹನ್ನೆರಡಕ್ಕೆ ಬರ್ತಾರೆ. ಅಲ್ಲೀತನಕ ಹೀಗೇ ಇರ್ಲಿ. ಬಟ್ಟಲು ನಿನ್ನದೇ ಅಂದ್ಕೋ." ಪೆನ್ನಿನ ಮುಚ್ಚಳ ಹಾಕಿದಳು. "ಯಾವಾಗ ತಿಂದ್ಲು?"

ಎರಡು ತಾಸು. ಮೂವತ್ತೊಂದು ವರ್ಷ ಕಾದ ಚಪ್ಪಾಳೆಗೆ ಇನ್ನು ಎರಡೇ ತಾಸು. ನಾಲ್ಕು ವಾರದ ಹಿಂದೆ ಎಂದು ಸುಳ್ಳು ಹೇಳಿದರೆ ಮುಗಿಯಿತು, ಯಾರೂ ಅಲ್ಲಗಳೆಯುವಂತಿಲ್ಲ. ಕ್ಲೆಮ್ ಬಾಯಿ ತೆರೆದ. ಅಷ್ಟರಲ್ಲಿ ಗುಹೆಯಲ್ಲಿ ತಲೆ ಕಾಣಿಸಿತು. ಅದು ಬಂದದ್ದೇ ಬೇರೆ ರೀತಿ. ನಾಲಗೆ ಆಡಲಿಲ್ಲ. ಗಂಟಲು ಬಿಗಿದು, ದವಡೆ ಸಡಿಲಗೊಂಡು, ತೂಕಡಿಸುವ ಮುದುಕಿಯ ಕತ್ತಿನ ಹಾಗೆ ಸಿಮೆಂಟಿನ ಅಂಚಿಗೆ ಒರಗಿ ಅಲ್ಲೇ ನಿಂತುಬಿಟ್ಟಿತು.

"ಗುರುವಾರ," ಎಂದ ಕ್ಲೆಮ್.

ಗ್ಲೆನಿಸ್ ಸ್ಕೋನ್ ಕೆಳಗಿಟ್ಟಳು. ಕ್ಲೆಮ್ ಅಡುಗೆಮನೆಗೆ ಹೋಗಿ ಬ್ರೆಡ್ಡು ಕುಯ್ಯುವ ಚಾಕು ತಂದ.

ಇಲ್ಲಿ ಓದುಗರು ವೀರಾವೇಶವನ್ನು ನಿರೀಕ್ಷಿಸಬಾರದು. ಅವನು ಗಾಜು ಸರಿಸಿ, ಮಂಡಿಯೂರಿ, ಪರ್ವತದಲ್ಲಿ ಬಣ್ಣ ಅಷ್ಟೇನೂ ಚೆನ್ನಾಗಿ ಕೂರದ ಕೆಳಗಿನ ಎಡಮೂಲೆ ಹುಡುಕಿ, ಪೆನ್ಸಿಲಿನಲ್ಲಿ ಒಂದು ಪುಟ್ಟ ಚೌಕ ಬರೆದ. ಹಾವು ಹೊರಬಂದ ಮೇಲೆ ಅಂಟು ಹಾಕಿ ಕೂರಿಸಿದರೆ ಪಟದಲ್ಲಿ ತಿಳಿಯಬಾರದು, ಹಾಗೆ. ಗೆರೆಯ ಮೇಲೆ ನಾಜೂಕಾಗಿ ಚಾಕು ಆಡಿಸಿದ. ಮೂರು ಬದಿ ಕುಯ್ದ. ನಾಲ್ಕನೆಯದಕ್ಕೆ ಚಾಕು ತಾಗಿಸುವಾಗ, ಹಿಂದೆ ಆಸರೆಯೇ ಇಲ್ಲದ ಪರ್ವತ ಒಮ್ಮೆ ನಿಟ್ಟುಸಿರುಬಿಟ್ಟಿತು. ಶಿಖರ ಮುಂದಕ್ಕೆ ಬಾಗಿತು. ಕಣಿವೆ, ಗೋಡೆ, ನಾಲ್ಕು ತಿಂಗಳ ನೆರಳು, ಒಳಗಡೆಯ ಹಳದಿ ಸಮೇತ ಎಲ್ಲವೂ ಶಿಲ್ಪಿಯ ತಲೆಯ ಮೇಲೆ ಬಿದ್ದವು.

ಧೂಳು ಇಳಿದಾಗ ಅವನು ಹೆಂಡತಿಯ ಜಮಖಾನೆಯ ಮೇಲೆ ಕಾಲು ಚಾಚಿ ಕೂತಿದ್ದ. ಮಡಿಲಲ್ಲಿ ಡಚೆಸ್. ಅವಳ ಕೊರಳಿಗೆ ಗುಹೆಯ ಬಾಯಿ ಇನ್ನೂ ಸರದ ಹಾಗೆ ಸಿಕ್ಕಿಕೊಂಡಿತ್ತು. ಗ್ಲೆನಿಸ್ ಬಾಗಿ ಅದನ್ನು ಎರಡು ಹೋಳು ಮಾಡಿ ತೆಗೆದಳು. ಹಾವು ಬಾಯಿ ಅಗಲಿಸಿತು, ಒಂದು ಸಲ ಮೈ ಕುಲುಕಿತು, ಮೂರು ದಿನದ ಹೆಗ್ಗಣವನ್ನು ಅವನ ಇಸ್ತ್ರಿಯ ಅಂಗಿಯ ಮೇಲೆ ಇಡಿಯಾಗಿ ಕಕ್ಕಿತು. ಆ ವಾಸನೆಗೆ ಜೊತೆಗೆ ಬಂದಿದ್ದ ಇಬ್ಬರು ಸದಸ್ಯರು ಬಾಗಿಲ ಹೊರಗೆ ಹೋಗಿ ನಿಂತರು.

"ಒಳ್ಳೇದಾಯ್ತು," ಎಂದಳು ಗ್ಲೆನಿಸ್. "ಹೊರಗೆ ಬಂತಲ್ಲ, ಉಳೀತಾಳೆ. ಮೂರು ವಾರ ಏನೂ ಹಾಕ್ಬೇಡ. ದೀಪದ ಕೆಳಗೆ ಒಮ್ಮೆಗೇ ಇಡ್ಬೇಡ, ಮೆಲ್ಲಗೆ ಬಿಸಿ ಆಗ್ಬೇಕು. ಮೈಗೆ ಒತ್ತಿಟ್ಕೋ." ಕಾಗದ ತೆಗೆದು ಹತ್ತನ್ನು ಹೊಡೆದುಹಾಕಿ ಏನೋ ಬರೆದಳು. ಬಟ್ಟಲು ಆ ವರ್ಷವೂ ಅರ್ನಿಯ ಮನೆಯಲ್ಲಿ ಮೊಳೆ ಕಾಯ್ದುಕೊಂಡಿತು.

ಅವರೆಲ್ಲ ಹೋದ ಮೇಲೂ ಕ್ಲೆಮ್ ಏಳಲಿಲ್ಲ. ಅಂಗಿಯೊಳಗೆ, ಬರಿಯ ಹೊಟ್ಟೆಗೆ ಸುತ್ತಿಕೊಂಡಿದ್ದ ಎರಡು ಮೀಟರ್ ತಣ್ಣನೆಯ ಹಾವನ್ನು ಎರಡು ಕೈಯಿಂದ ಅಪ್ಪಿ, ಥರ್ಮಾಕೋಲ್ ರಾಶಿಯ ನಡುವೆ ನಾಲ್ಕು ತಾಸು ಕೂತ. ಹಲ್ಲು ಕಟಕಟಿಸಿದವು. ವಾಸನೆಗೆ ಕಣ್ಣಲ್ಲಿ ನೀರು ಬಂತು. ಮೂರನೆಯ ತಾಸಿನಲ್ಲಿ ಎಲ್ಲೋ ಹೊಕ್ಕುಳ ಹತ್ತಿರ ಒಂದು ನಾಲಗೆ ಆಡಿತು. ಆಗ ಅವನ ಮುಖ ಏನಾಯಿತೆಂದು ಹೇಳಿದರೆ ಇಲ್ಲಿಯವರೆಗೆ ಅವನನ್ನು ಬೈದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ, ಅದಕ್ಕೇ ಹೇಳುವುದಿಲ್ಲ.

ಜೆನಿಸ್ ಚಹಾ ತಂದು ಅವನ ತುಟಿಗೆ ಹಿಡಿದಳು. ಒಂದು ಗುಟುಕು ಒಳಗೆ ಹೋದದ್ದೇ ಕಲಾವಿದ ಎಚ್ಚರಗೊಂಡ.

"ನೋಡು, ಅದು ಬಿದ್ದದ್ದಲ್ಲ," ಎಂದ. "ಹಾಗೆ ಬೀಳ್ಲಿ ಅಂತಾನೇ ನಾನು ಹಿಂದೆ ಆಸರೆ ಕೊಟ್ಟಿರ್ಲಿಲ್ಲ. ತುರ್ತಿಗೆ ಬೇಕಾಗತ್ತೆ ಅಂತ. ಗಟ್ಟಿಯಾಗಿ ಕಟ್ಟೋದು ಯಾವನಿಗಾದ್ರೂ ಬರತ್ತೆ, ಸಮಯಕ್ಕೆ ಸರಿಯಾಗಿ ಬೀಳೋ ಹಾಗೆ ಕಟ್ಟೋಕೆ..."

"ಬಾಯ್ ಮುಚ್ಚಿ, ಅಲುಗಾಡದೆ ಕೂತ್ಕೋ," ಎಂದಳು ಜೆನಿಸ್. "ಅವಳಿಗೆ ಚಳಿ."