ತಾಯಿ, ಮರಾಠಿಯಲ್ಲಿ

ನಮ್ಮ ಮನೆಯಲ್ಲಿ ತವೆಯ ಮೇಲಿರುವಾಗ ಅದು ಭಾಕರಿ, ತಟ್ಟೆಗೆ ಬಂದಾಗ ರೊಟ್ಟಿ. ಸುಡುವ ಹೆಂಡತಿ ಕೊಲ್ಹಾಪುರದ ಮರಾಠಿಯವಳು, ತಿನ್ನುವ ನಾನು ಗಡಹಿಂಗ್ಲಜದ ಕನ್ನಡಿಗ. ಜೋಳ ಒಂದು ದಿನವೂ ತಕರಾರು ತೆಗೆದಿಲ್ಲ. ಎರಡು ಭಾಷೆಗಳ ನಡುವಿನ ಬಾಳು ಇಷ್ಟೇ ಸಲೀಸೆಂದು ನಾನೂ ನಂಬಿದ್ದೆ, ಸ್ನೇಹಿತರೇ. ನನ್ನ ಕೈಬರಹವೇ ಅದನ್ನು ಅಲುಗಾಡಿಸುವವರೆಗೆ.

ಇಚಲಕರಂಜಿಯ ನಮ್ಮ ಆಮದಾರರು, ಅಂದರೆ ಶಾಸಕರು, ಅದು ನಡೆದಾಗ ಇನ್ನೂ ವಕೀಲರು. ಬೆಳಗಾವಿ ಕಡೆಯಿಂದ ಮಗ್ಗದ ಕೆಲಸ ಅರಸಿ ಬಂದ ತಂದೆಯ ಬೆನ್ನಿಗೆ ಬಂದು, ಆ ಮಗ್ಗಗಳ ಸದ್ದಿನಲ್ಲೇ ಮರಾಠಿ ಓದಿ ಕರಿಕೋಟು ತೊಟ್ಟವರು. ನಾನು ಕೊಲ್ಹಾಪುರದ ಒಂದು ಮಕ್ಕಳ ಆಶ್ರಯಮನೆಯಲ್ಲಿ ಕಾರಕೂನ.

ಗಡಹಿಂಗ್ಲಜದ ಬಸ್‌ಸ್ಟ್ಯಾಂಡಿನ ನೂಕುನುಗ್ಗಲಿನಲ್ಲಿ ತಪ್ಪಿಸಿಕೊಂಡ ನಾಲ್ಕು ವರ್ಷದ ಹುಡುಗಿ ನಮ್ಮಲ್ಲಿದ್ದಳು. ಅವಳನ್ನು ಹುಡುಕುತ್ತ ಇಚಲಕರಂಜಿಯಿಂದ ನಾಗವ್ವ ಬಂದಳು. ಮಗ್ಗದ ಕಾಂಡಿಗೆ ನೂಲು ಸುತ್ತುವವಳು. "ನಾ ಹುಡುಗಿ ತಾಯಿ ಅದೀನ್ರಿ" ಎಂದಳು. ಕಿವಿ ಕನ್ನಡದಲ್ಲಿ ಕೇಳಿತು, ಕೈ ಮರಾಠಿಯಲ್ಲಿ ಬರೆಯುತ್ತಿತ್ತು. ಅರ್ಜಿಯಲ್ಲಿ ಸಂಬಂಧ ಎಂಬಲ್ಲಿ ಕೇಳಿದ್ದನ್ನೇ 'ತಾಈ' ಎಂದು ಇಳಿಸಿದೆ. ಮರಾಠಿಯಲ್ಲಿ 'ತಾಈ' ಎಂದರೆ ಅಕ್ಕ.

ಅಕ್ಕನ ಕೈಗೆ ಕೊಡುವಂತಿಲ್ಲ, ಆಯಿಯನ್ನು ಕರೆತಾ ಎಂದರು ಮಕ್ಕಳನ್ನು ಒಪ್ಪಿಸುವ ಸಮಿತಿಯವರು. ಅವರ ಆಯಿ ತಾಯಿ. ನಮ್ಮ ಕಡೆಯ ಆಯಿ ಅಜ್ಜಿ. ನಾಗವ್ವ ಹಳ್ಳಿಗೆ ಹೋಗಿ ತನ್ನ ಮುದಿ ತಾಯಿಯನ್ನೇ ಕರೆತಂದಳು. "ನಾನs ಆಯಿ ರೀ" ಎಂದು ಮುದುಕಿ ಪ್ರಾಮಾಣಿಕವಾಗಿ ಹೇಳಿತು. ನಾಲ್ಕು ವರ್ಷದವಳಿಗೆ ಇಷ್ಟು ಮುದಿ ತಾಯಿಯೇ ಎಂದು ಸಮಿತಿಗೆ ಅನುಮಾನ ಹುಟ್ಟಿತು. ಹುಡುಗಿಯನ್ನು ತೋರಿಸಲೂ ಒಪ್ಪಲಿಲ್ಲ.

ಮೂರನೆಯ ಸಲ ನಾಗವ್ವನೊಂದಿಗೆ ಆ ವಕೀಲರು ಬಂದರು. ಅರ್ಜಿಯನ್ನು ಎರಡು ಸಲ ಓದಿದರು.

"ಕಾರಕೂನ್ರ, ಈ ಅಕ್ಷರ ಯಾರದು?"

"ನಂದರೀ."

"ಅಕ್ಷರ ಭಾಳ ಛಲೋ ಐತಿ. ಹಡದಾಕಿನ್ನ ಅಕ್ಕನ್ನ ಮಾಡೀರಲ್ಲ."

ನೌಕರಿ ಹೋಯಿತೆಂದುಕೊಂಡೆ.

"ನಿಮ್ಮ ನೌಕರಿ ತಿನ್ನಾಕ ಬಂದಿಲ್ರಿ," ಎಂದರು ಅವರು. "ಸಾಲಿಯೊಳಗ ನನ್ನ ಹೆಸರನ್ನೂ ಹಿಂಗs ಕೆಡಿಸಿದ್ರು, ಹತ್ತು ವರ್ಷ ತಿದ್ದಿಸೇನಿ. ಒಳಗ ಬಂದು ಆದದ್ದು ಆದಂಗ ಹೇಳ್ರಿ, ಸಾಕು."

ಹೇಳಿದೆ. ಅವಳು ಏನೆಂದಳು, ನಾನು ಏನು ಬರೆದೆ, ಎರಡನ್ನೂ. ಸಮಿತಿಯ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು, ಹುಡುಗಿಯನ್ನು ಕರೆಸಿದರು.

ಈಗ ಆಮದಾರರ ಬಳಿ ಯಾರೇ ಅಹವಾಲು ತರಲಿ, ಮರಾಠಿಯಲ್ಲಿ ಬರೆಸಿದ್ದನ್ನು ಅವರವರ ಮಾತಿನಲ್ಲಿ ಓದಿ ಹೇಳದೆ ಸಹಿ ಹಾಕುವುದಿಲ್ಲ. ಜನ ಅದನ್ನು ಸೌಜನ್ಯ ಎನ್ನುತ್ತಾರೆ. ಅದು ಭಯವೆಂದು ನನಗೆ ಗೊತ್ತು, ಒಳ್ಳೆಯ ಜಾತಿಯ ಭಯ. ಮಾತು ಊರು ದಾಟುವಾಗ ಮನುಷ್ಯರನ್ನು ಕೈಬಿಡಬಹುದೆಂಬ ಎಚ್ಚರ ವಲಸೆ ಬಂದವರಿಗೆ ಇರುವಷ್ಟು ನಮ್ಮಂಥ ಸ್ಥಳೀಕರಿಗೆ ಇರುವುದಿಲ್ಲ.

ಆ ದಿನ ಒಳಗಿನ ಬಾಗಿಲು ತೆರೆಯಿತು. ಹುಡುಗಿ ಓಡಿ ಬರಲಿಲ್ಲ, ನಡೆದು ಬಂದು ನಾಗವ್ವನ ಸೆರಗು ಹಿಡಿದು ಗದರಿದಳು: "ಇಷ್ಟ್ಯಾಕ ತಡಾ ಮಾಡಿದಿ, ಅವ್ವ?"

ನಾನು ನೆಲ ನೋಡಿದೆ.

"ಬಸ್ ತಡಾ ಆತವ್ವ," ಎಂದಳು ನಾಗವ್ವ, ನನ್ನ ಕಡೆ ತಿರುಗದೆ.