ಹಂಡೆ ಹೊತ್ತ ನೋತ್ಕೆ

ನಲಿಬೋಕಿ ಕಾಡಿನಂಚಿನ ಊರಲ್ಲಿ ಕುದುರೆಯ ಜೀನು ಹೊಲಿಯುತ್ತಿದ್ದ ನೋತ್ಕೆ ಝುಖೋವಿತ್ಸ್ಕಿಗೆ ಸತ್ತವನೊಬ್ಬನ ಮೇಲೆ ಐವತ್ತು ವರ್ಷದ ಹೊಟ್ಟೆಕಿಚ್ಚು. ಸತ್ತವನು ಲೇಯ್ಜರ್. ಯುದ್ಧದ ಕಾಲದಲ್ಲಿ ಜರ್ಮನ್ನರ ಕೈಗೆ ಸಿಗದೆ ಓಡಿಬಂದ ಯಹೂದಿಗಳನ್ನೆಲ್ಲ ಕಾಡಿನೊಳಗೆ ಕೂಡಿಸಿ ಕಾದ ದಳಪತಿ. ಬಂದೂಕು ತಂದವನು ಯೋಧ, ತರದವನು ಕೆಲಸದಾಳು ಎಂಬುದು ಆ ಪಾಳೆಯದ ಕಟ್ಟಳೆ. ನೋತ್ಕೆ ತಂದದ್ದು ದಬ್ಬಣ. ಅವನ ಕೈಗೆ ಸೌಟು ಬಂತು.

ಅದನ್ನಾದರೂ ನುಂಗಿಕೊಂಡಾನು. ನುಂಗಲಾಗದ್ದು ಜೌಗು ದಾಟಿದ ದಿನ. ಜರ್ಮನ್ನರು ಕಾಡನ್ನು ಸುತ್ತುವರಿದಾಗ ಎಲ್ಲರೂ ಎದೆಮಟ್ಟದ ಕೆಸರಿಗಿಳಿದರು. ನೋತ್ಕೆಯ ಬೆನ್ನ ಮೇಲೆ ಪಾಳೆಯಕ್ಕೆಲ್ಲ ಸೂಪು ಬೇಯಿಸುವ ಕಬ್ಬಿಣದ ಹಂಡೆ. ಜ್ವರದಲ್ಲಿ ನಡುಗುತ್ತಿದ್ದ ಅವನ ಹೆಂಡತಿ ಬೇಲ್ಕೆ ಮಾತ್ರ ಲೇಯ್ಜರನ ಬೆನ್ನ ಮೇಲೆ, ಅವನ ಕೊರಳು ತಬ್ಬಿಕೊಂಡು.

ಸೋವಿಯತ್ ಆಳ್ವಿಕೆ ಮುಗಿದ ಮೇಲೆ ಲೇಯ್ಜರನ ಸಿನಿಮಾ ತೆಗೆಯುವವರು ಅದೇ ಜೌಗಿಗೆ ಬಂದರು. ಬೇಲ್ಕೆ ಅವರನ್ನು ಕರೆದು ಚಹಾ ಕೊಟ್ಟು, ಆ ದಿನದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅದನ್ನು ಚಿತ್ರಕ್ಕೆ ಹಾಕೇ ಹಾಕುತ್ತೇವೆ ಎಂದು ಅವರು ಕುಣಿದರು. ಅವರು ಹೋದದ್ದೇ ತಡ, ನೋತ್ಕೆ ಮೀನಿನ ತಟ್ಟೆಯನ್ನು ಆಚೆ ತಳ್ಳಿದ.

"ಸತ್ತೋನ ಬೆನ್ನು ಇನ್ನೂ ಬೆಚ್ಚಗಿದ್ಯೇನೇ ನಿಂಗೆ?"

"ನಿನ್ ಸೂಪಿಗಿಂತ ಬೆಚ್ಚಗಿತ್ತು, ಬಿಡು."

ಊರೆಲ್ಲ ಕೂತು ಪರದೆಯ ಮೇಲೆ ತನ್ನ ಹೆಂಡತಿಯನ್ನು ಪರಪುರುಷನ ಬೆನ್ನ ಮೇಲೆ ನೋಡುವುದೇ? ಆ ದೃಶ್ಯ ತೆಗೆಸಿಯೇ ಬರುತ್ತೇನೆಂದು ಚಿತ್ರೀಕರಣದ ದಿನ ಹೊರಟ. ಬೇಲ್ಕೆ ಗೊಣಗುತ್ತ ಹಿಂದೆಯೇ ಬಂದಳು. ಅಲ್ಲಿ ಎತ್ತರದ ನಟನೊಬ್ಬ ಎಳೆಯ ಹುಡುಗಿಯನ್ನು ಹೊತ್ತು ದಾಟುತ್ತಿದ್ದ. ಅವರ ಹಿಂದೆ ನೋತ್ಕೆಯ ಪಾತ್ರದವನು ತಗಡಿನ ಹಂಡೆಯನ್ನು ಟೋಪಿಯಂತೆ ಬೆರಳಲ್ಲಿ ಆಡಿಸುತ್ತ ನಗುತ್ತಿದ್ದ. ನೋತ್ಕೆಯ ಮೈ ಉರಿದುಹೋಯಿತು. ಆ ಹಂಡೆ ಅಷ್ಟು ಹಗುರವಿತ್ತೇ ಎಂದು ನಿರ್ದೇಶಕನ ಬಳಿ ಕೂಗಾಡಿದ. ಈ ಅಜ್ಜನನ್ನು ಯಾರಾದರೂ ಆಚೆ ಕೂರಿಸಿ ಎಂದ ನಿರ್ದೇಶಕ.

ವಾಪಸು ಬರುವ ದಾರಿಯಲ್ಲಿ ನೋತ್ಕೆ ಐವತ್ತು ವರ್ಷ ಕೇಳದ್ದನ್ನು ಕೇಳಿಬಿಟ್ಟ. "ಅವತ್ತು ನನ್ ಬೆನ್ನು ಯಾಕೆ ಬೇಡ್ವಾಯ್ತು?"

ಬೇಲ್ಕೆ ನಿಂತಳು. "ಬೇಡ ಅಂದೋರ್ಯಾರು? ಹಂಡೆ ಇಳ್ಸು, ನನ್ನ ಹೊತ್ಕೋ ಅಂತ ಕೂಗ್ದೆ. ಬಿಟ್ರೆ ಲೇಯ್ಜರ್ ಬೈತಾನೆ ಅಂತ ನೀನು ತಿರುಗೂ ನೋಡ್ಲಿಲ್ಲ. ಅವ್ನು ನೋಡ್ದ."

ಆ ಕೂಗು ಅಂದು ನೋತ್ಕೆಗೂ ಕೇಳಿಸಿತ್ತು. ಮುಂದೆ ದಾರಿಗಡ್ಡ ಕೆಸರು ನಿಂತಿತ್ತು. ಅವನು ಮಂಡಿ ಹಿಡಿದುಕೊಂಡು ಅವಳ ಮುಂದೆ ಬಗ್ಗಿದ.

"ಹತ್ತು."

"ಸೊಂಟ ಮುರಿದ್ರೆ ಎಣ್ಣೆ ತಿಕ್ಕೋಳು ನಾನೇ" ಎನ್ನುತ್ತ ಅವಳು ಹತ್ತಿದಳು. ನೋತ್ಕೆ ಏದುಸಿರು ಬಿಡುತ್ತ ಕೆಸರಿನ ನಡುವೆ ನಿಂತ.

"ಲೇಯ್ಜರ್ ಹೀಗೇ ಹೊತ್ತಿದ್ನಾ?"

"ಅವ್ನು ಹೊರುವಾಗ ಮಾತಾಡ್ತಿರ್ಲಿಲ್ಲ. ನಡಿ."